"ನಮ್ಮಲ್ಲಿ ಹೀಗೇ ನಡೆದುಕೊಂಡು ಬಂದಿದೆ" ಅಂತ ಹೇಳುವವರು ಯಾರು?

ಪ್ರಶ್ನೆ: ನಾನು ಕೆಲಸ ಮಾಡುವ ಕಡೆ ಹಿರಿಯರ ಸಭೆಯೂ ಇದೆ, ಚುನಾಯಿತ ಮಂಡಳಿಯೂ ಇದೆ. ಮಂಡಳಿಯಲ್ಲಿ ಹೆಂಗಸರಿಗೆ, ತುಳಿತಕ್ಕೊಳಗಾದ ಸಮುದಾಯದವರಿಗೆ ಸೀಟು ಮೀಸಲಿದೆ. ಅವರು ಬರುತ್ತಾರೆ, ಕೂರುತ್ತಾರೆ, ಸಹಿ ಹಾಕಿ ಹೋಗುತ್ತಾರೆ. ನಿಜವಾದ ತೀರ್ಮಾನ ಆಗುವುದು ಹಿರಿಯರ ಸಭೆಯಲ್ಲಿ, ಅಲ್ಲಿ ಇವರಿಗೆ ಜಾಗವೇ ಇಲ್ಲ. ಕೇಳಿದರೆ "ಇದು ತಲೆತಲಾಂತರದಿಂದ ಬಂದದ್ದು" ಅನ್ನುತ್ತಾರೆ. ಮೀಸಲಾತಿ ಸಾಕಾ? ಪದ್ಧತಿಯನ್ನು ಮುರಿಯಬೇಕಾ, ಗೌರವಿಸಬೇಕಾ? ಪದ್ಧತಿಯನ್ನೆಲ್ಲ ಬರೆದಿಟ್ಟುಬಿಟ್ಟರೆ ಅನುಕೂಲ ಅಂತಲೂ ಕೆಲವರು ಹೇಳುತ್ತಿದ್ದಾರೆ, ಅದು ಸರಿಯಾ?

ಉತ್ತರ: ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಮುರಿಯಬೇಕಾ, ಗೌರವಿಸಬೇಕಾ ಅಂತ ಕೇಳಿದ ಕೂಡಲೇ ಪದ್ಧತಿ ಅನ್ನುವುದು ಒಂದೇ ಇದೆ, ಅದು ಎಲ್ಲರಿಗೂ ಗೊತ್ತಿದೆ, ಎಂದೂ ಬದಲಾಗಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತದೆ. ಹಾಗಿಲ್ಲ. ಬರೆದಿಡದ ಕಾನೂನಿನಲ್ಲಿ ದೊಡ್ಡ ಅಧಿಕಾರ ಇರುವುದು "ನಮ್ಮಲ್ಲಿ ಹೀಗೇ ನಡೆದುಕೊಂಡು ಬಂದಿದೆ" ಅಂತ ಹೇಳುವವರ ಕೈಯಲ್ಲಿ. ಆ ಮಾತು ಹೇಳುವ ಜಾಗದಲ್ಲಿ ಯಾರು ಕೂತಿದ್ದಾರೆ? ನನ್ನ ಮಟ್ಟಿಗೆ ಅಸಲಿ ಪ್ರಶ್ನೆ ಅದು. ಬಹಳ ಕಡೆ ಅಲ್ಲಿರುವುದು ಜಮೀನಿರುವ, ವಯಸ್ಸಾದ, ದೊಡ್ಡ ಮನೆತನದ ಗಂಡಸರು. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ತಮಗೆ ಗೊತ್ತಿರುವ ಪದ್ಧತಿಯನ್ನೇ ಹೇಳುತ್ತಾರೆ. ಆದರೆ ವಿಧವೆಗೆ, ಭೂಮಿ ಇಲ್ಲದವರಿಗೆ ಅದೇ ಪದ್ಧತಿ ಬೇರೆ ಥರ ನೆನಪಿರುತ್ತದೆ, ಅವರನ್ನು ಯಾರೂ ಕೇಳಿರುವುದಿಲ್ಲ.

ದಕ್ಷಿಣ ಆಫ್ರಿಕಾದ ಒಂದು ಮೊಕದ್ದಮೆ ನೋಡಿ. ಲಿಂಪೊಪೊ ಪ್ರಾಂತ್ಯದ ವಲೋಯಿ ಸಮುದಾಯದ ಮುಖ್ಯಸ್ಥರು 1968ರಲ್ಲಿ ತೀರಿಕೊಂಡರು. ಗಂಡು ಮಕ್ಕಳಿರಲಿಲ್ಲ. ಮಗಳು ಫಿಲಿಯಾ ಶಿಲುಬಾನಾ ಇದ್ದರೂ ಪಟ್ಟ ಹೋದದ್ದು ತಂದೆಯ ಸಹೋದರನಿಗೆ. ಹೊಸ ಸಂವಿಧಾನ ರೂಪುಗೊಂಡ ಕಾಲದಲ್ಲಿ, 1996ರ ಕೊನೆಗೆ, ಆ ಮನೆತನದವರೇ ಸೇರಿ ಮುಂದಿನ ಪಟ್ಟ ಫಿಲಿಯಾ ಅವರಿಗೆ ಅಂತ ತೀರ್ಮಾನ ಮಾಡಿದರು: ಈಗ ಗಂಡು ಹೆಣ್ಣು ಸಮಾನ, ಹಾಗಾಗಿ ನಮ್ಮ ಪದ್ಧತಿಯೂ ಬದಲಾಗಬೇಕು. ಆ ಸಹೋದರ ತೀರಿಕೊಂಡ ಮೇಲೆ ಅವರ ಮಗ ತಕರಾರು ತೆಗೆದರು, ಪದ್ಧತಿ ಪ್ರಕಾರ ಹಕ್ಕು ನನ್ನದು ಅಂತ. ಕೆಳಗಿನ ಕೋರ್ಟುಗಳು ಅವರ ಪರ ನಿಂತವು. 2008ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ತಿರುಗಿಸಿತು. ಹಿಂದೆ ಏನು ನಡೆದಿತ್ತು ಅನ್ನುವುದೊಂದನ್ನೇ ನೋಡಿದರೆ ಆಗುವುದಿಲ್ಲ, ಜನ ಇವತ್ತು ತಮ್ಮ ಪದ್ಧತಿಯನ್ನು ತಾವೇ ತಿದ್ದಿಕೊಳ್ಳುತ್ತಿದ್ದರೆ ಆ ತಿದ್ದುಪಡಿಯೂ ಪದ್ಧತಿಯೇ, ಹಾಗೆ ತಿದ್ದುವ ಹಕ್ಕು ಅವರಿಗಿದೆ ಅಂದಿತು. ಅದು ಪದ್ಧತಿಯನ್ನು ಹೊರಗಿನಿಂದ ಒಡೆದ ತೀರ್ಪಲ್ಲ. ಒಳಗಿನವರು ಮಾಡಿದ ಬದಲಾವಣೆಗೆ ಕೊಟ್ಟ ಬಲ.

ಬೋಟ್ಸ್ವಾನಾದಲ್ಲೂ ಇಂಥದ್ದೇ ಆಯಿತು. ಎಡಿತ್ ಮ್ಮುಸಿ ಮತ್ತು ಅವರ ಸೋದರಿಯರು ತವರು ಮನೆಗಾಗಿ ಹೋರಾಡಿದರು. ಕಿರಿಯ ಮಗನಿಗೇ ಮನೆ ಅನ್ನುವುದು ಪದ್ಧತಿ, ಹೆಣ್ಣು ಮಕ್ಕಳಿಗೆ ಹಕ್ಕಿಲ್ಲ ಅನ್ನುವುದು ಎದುರು ಪಕ್ಷದ ವಾದ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಮನೆ ಸೋದರಿಯರದೇ ಅಂತ ಹೇಳಿತು. ಪದ್ಧತಿಯೇ ಕಾಲದ ಜೊತೆ ಬದಲಾಗಿದೆ, ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಅದು ಯಾರನ್ನೂ ಹೊರಗಿಡುವುದಿಲ್ಲ ಅನ್ನುವುದು ಅದು ಕೊಟ್ಟ ಕಾರಣ.

ಹಾಗಂತ ಚುನಾವಣೆಯೆಲ್ಲ ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ, ಹಳೆಯದೆಲ್ಲ ಹೊರಗಿಡುತ್ತದೆ ಅಂತಲೂ ತಿಳಿಯಬೇಡಿ. ಉತ್ತರ ಅಮೆರಿಕದ ಹೌಡೆನೊಶೋನಿ ಜನರಲ್ಲಿ ಮುಖಂಡರನ್ನು ಆರಿಸುವುದು, ದಾರಿ ತಪ್ಪಿದರೆ ಕೆಳಗಿಳಿಸುವುದು ಎರಡೂ ಕುಲದ ಹಿರಿಯ ತಾಯಂದಿರ ಕೆಲಸ. 1924ರಲ್ಲಿ ಕೆನಡಾ ಸರ್ಕಾರ ಇದೇ ಜನರ ಒಂದು ನೆಲೆಯಾದ ಗ್ರ್ಯಾಂಡ್ ರಿವರ್‌ನ ಸಿಕ್ಸ್ ನೇಷನ್ಸ್ ಸಮುದಾಯದ ಹಳೆಯ ಸಭೆಯನ್ನು ಬದಿಗೊತ್ತಿ ಚುನಾಯಿತ ಮಂಡಳಿಯನ್ನು ಹೇರಿತು. ಮತ ಹಾಕುವ ಹಕ್ಕು ಗಂಡಸರಿಗೆ ಮಾತ್ರ. ಇಂಥ ಚುನಾವಣೆಗಳಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದು 1951ರಲ್ಲಿ, ಕಾನೂನು ಬದಲಾದ ಮೇಲೆ. ಮುಖಂಡನನ್ನೇ ಇಳಿಸಬಲ್ಲ ಹೆಂಗಸರು ಒಂದೇ ಏಟಿಗೆ ಮತವೂ ಇಲ್ಲದವರಾದರು, ಅದೂ ಸುಧಾರಣೆಯ ಹೆಸರಿನಲ್ಲಿ. ನಿಮ್ಮ ಹಿರಿಯರ ಸಭೆಯಲ್ಲಿ ಹೆಂಗಸರಿಗೆ ಮೊದಲಿನಿಂದಲೂ ಜಾಗ ಇರಲಿಲ್ಲವಾ, ಅಥವಾ ನಡುವೆ ಎಲ್ಲೋ ಕಳೆದುಹೋಯಿತಾ? ಇದನ್ನು ವಯಸ್ಸಾದ ಹೆಂಗಸರನ್ನು ಕೂರಿಸಿಕೊಂಡು ಕೇಳಿ. ಎಷ್ಟೋ ಕಡೆ ಉತ್ತರ ಕೇಳಿದವರಿಗೇ ಅಚ್ಚರಿ ತರುತ್ತದೆ.

ಹಳೆಯದೂ ಹೌದು, ಪ್ರಜಾಪ್ರಭುತ್ವವೂ ಹೌದು ಅನ್ನುವಂಥ ಸಭೆಯೂ ಜನರನ್ನು ಹೊರಗಿಟ್ಟದ್ದಿದೆ. ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್ ಇನ್ನರ್‌ರೋಡನ್‌ ಪ್ರಾಂತ್ಯದಲ್ಲಿ ಇವತ್ತಿಗೂ ಏಪ್ರಿಲ್ ಕೊನೆಯ ಭಾನುವಾರ ಮತದಾರರು ಚೌಕದಲ್ಲಿ ಸೇರಿ ಕೈ ಎತ್ತಿ ಮತ ಹಾಕುತ್ತಾರೆ. ಗಂಡಸರು ಸೊಂಟಕ್ಕೆ ಮನೆತನದ ಕತ್ತಿ ಕಟ್ಟಿಕೊಂಡು ಬಂದರೆ ಅದೇ ಅವರ ಮತದಾರರ ಚೀಟಿ. ದೇಶದ ಮಟ್ಟದಲ್ಲಿ ಹೆಂಗಸರಿಗೆ ಮತದ ಹಕ್ಕು 1971ರಲ್ಲೇ ಬಂದಿತ್ತು. ಈ ಚೌಕದ ಗಂಡಸರು ಮಾತ್ರ 1990ರಲ್ಲೂ ಬೇಡ ಅಂತ ಕೈ ಎತ್ತಿದರು. ಅದೇ ವರ್ಷ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಮಾತನ್ನು ಬದಿಗಿಟ್ಟಿತು. ಮುಂದಿನ ಏಪ್ರಿಲಿನಲ್ಲಿ ಹೆಂಗಸರು ಚೌಕಕ್ಕೆ ಬಂದರು. ಸಭೆ ಮುರಿದು ಬೀಳಲಿಲ್ಲ, ಕತ್ತಿಗಳೂ ಹಾಗೇ ಉಳಿದವು. ಹೊರಗಿರುವವರನ್ನು ಒಳಗೆ ಬಿಡಬೇಕಾ ಅಂತ ಒಳಗಿರುವವರನ್ನು ಮಾತ್ರ ಕೇಳುತ್ತಾ ಕೂತರೆ ಆ ಮತದಾನ ಎಷ್ಟು ಸಲ ನಡೆದರೂ ನ್ಯಾಯ ಅನ್ನಿಸಿಕೊಳ್ಳುವುದಿಲ್ಲ. ಹಾಗಾಗಿ ಒಳಗಿನಿಂದ ಬದಲಾಗಲಿ ಅಂತ ಕಾಯುವುದಕ್ಕೂ ಒಂದು ಮಿತಿ ಇರಬೇಕು. ಮತ, ಆಸ್ತಿ, ಮೈಮೇಲಿನ ರಕ್ಷಣೆ, ಇಷ್ಟನ್ನು ಯಾವ ಸಭೆಯ ಮರ್ಜಿಗೂ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಮೀಸಲಾತಿಗೆ ಬರೋಣ. ಅದನ್ನು ಕೆಲಸಕ್ಕೆ ಬಾರದ್ದು ಅಂತ ತಳ್ಳಿಹಾಕುವವರ ಮಾತಿಗೆ ಸೊಪ್ಪು ಹಾಕಬೇಡಿ. ಭಾರತದಲ್ಲಿ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಪಂಚಾಯ್ತಿಗಳಲ್ಲಿ ಕಡೇ ಪಕ್ಷ ಮೂರನೇ ಒಂದು ಭಾಗ ಹೆಂಗಸರಿಗೆ, ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕಷ್ಟು, ಅಧ್ಯಕ್ಷ ಸ್ಥಾನಗಳೂ ಸೇರಿ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೋ ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರು ಅಧ್ಯಕ್ಷರಾಗಿದ್ದ ಕಡೆ ಕುಡಿಯುವ ನೀರಿನಂಥ, ಹೆಂಗಸರೇ ಹೆಚ್ಚು ಕೇಳುವ ಕೆಲಸಗಳಿಗೆ ಹಣ ಜಾಸ್ತಿ ಹೋಗಿತ್ತು. ಬಂಗಾಳದಲ್ಲಿ ಊರ ಸಭೆಗೆ ಬರುವ ಹೆಂಗಸರ ಪಾಲೂ ಹೆಚ್ಚಿತ್ತು. ಅಲ್ಲೇ ಆಮೇಲೆ ನಡೆದ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಂಡಿತು. ಎರಡು ಅವಧಿ ಹೆಣ್ಣು ಅಧ್ಯಕ್ಷರನ್ನು ಕಂಡ ಊರುಗಳಲ್ಲಿ ಮೀಸಲು ಇಲ್ಲದ ಸೀಟಿಗೂ ಹೆಂಗಸರು ನಿಂತು ಗೆಲ್ಲುವುದು ಹೆಚ್ಚಾಯಿತು. ಒಂದು ಅವಧಿ ಸಾಕಾಗಲಿಲ್ಲ, ಎರಡು ಬೇಕಾಯಿತು. ಮೀಸಲು ಸೀಟು ಐದು ವರ್ಷಕ್ಕೆ ಬೇರೆ ಕಡೆ ಸರಿಯುವ ವ್ಯವಸ್ಥೆಯಲ್ಲಿ ಆಗುವ ನಷ್ಟ ಇದೇ: ಕೆಲಸ ಕಲಿತು ಮಾತಾಡುವ ಹೊತ್ತಿಗೆ ಸೀಟೇ ಇರುವುದಿಲ್ಲ.

ಸೀಟಿನ ಹಿಂದೆ ಯಾರೂ ನಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ತಮಿಳುನಾಡಿನ ಪಾಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ಪಂಚಾಯ್ತಿಗಳೇ ಸಾಕು. 1996ರಲ್ಲಿ ಅಲ್ಲಿನ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹತ್ತು ವರ್ಷ ಅದನ್ನು ನಡೆಯಗೊಡಲಿಲ್ಲ. ನಾಮಪತ್ರ ಹಾಕುವವರೇ ಇರದ ಹಾಗೆ ನೋಡಿಕೊಂಡರು, ಇಲ್ಲವೇ ಗೆದ್ದವರಿಂದ ಕೂಡಲೇ ರಾಜೀನಾಮೆ ಕೊಡಿಸಿದರು. ಸರ್ಕಾರ ಮುಂದೆ ನಿಂತು 2006ರಲ್ಲಿ ಚುನಾವಣೆ ನಡೆಸಿತು. ಅದೇ ಮದುರೈ ಜಿಲ್ಲೆಯ ಮೇಲವಳವಿನಲ್ಲಿ ಹಾಗೆ ಗೆದ್ದ ದಲಿತ ಅಧ್ಯಕ್ಷರನ್ನು 1997ರಲ್ಲಿ ಕೊಂದೇಬಿಟ್ಟಿದ್ದರು. ಸೀಟಿನ ಜೊತೆ ರಕ್ಷಣೆ ಬರಬೇಕು, ಕೂಲಿ ತಪ್ಪಿಸುವ ಬೆದರಿಕೆ ಎದುರಾದರೆ ಬದಲಿ ದುಡಿಮೆಯ ದಾರಿಯೂ ಇರಬೇಕು. ಯಾರ ಹೊಲದಲ್ಲಿ ನಾಳೆ ಕೆಲಸಕ್ಕೆ ಹೋಗಬೇಕೋ ಅವರ ಎದುರೇ ಕೈ ಎತ್ತು ಅಂತ ಹೇಳುವುದು ಸುಲಭದ ಮಾತಲ್ಲ. ಸೂಕ್ಷ್ಮ ವಿಷಯಗಳಿಗೆ ಗುಪ್ತ ಮತದಾನ ಇಡಿ, ಹಿರಿಯರ ಸಭೆಯಲ್ಲೂ.

ನೇಪಾಳದಿಂದ ಕಲಿಯುವುದು ಬಹಳ ಇದೆ. ಅಲ್ಲಿ ಒಂದು ವಾರ್ಡ್ ಸಮಿತಿಯಲ್ಲಿ ಐದು ಜನ, ಅದರಲ್ಲಿ ಇಬ್ಬರು ಹೆಂಗಸರು, ಆ ಇಬ್ಬರಲ್ಲಿ ಒಬ್ಬರು ದಲಿತ ಮಹಿಳೆ ಆಗಿರಲೇಬೇಕು. 2017ರ ಚುನಾವಣೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ದಲಿತ ಮಹಿಳೆಯರು ಆರಿಸಿ ಬಂದರು. ಸುಮ್ನೆ "ಹೆಂಗಸರು" ಅಂದರೆ ಮೇಲಿನ ಮನೆಗಳ ಹೆಂಗಸರು, "ದಲಿತರು" ಅಂದರೆ ಗಂಡಸರು ಬಂದು ಕೂರುತ್ತಾರೆ. ಎರಡೂ ಕಡೆಯಿಂದ ತಪ್ಪಿಹೋಗುವವರನ್ನು ಹೆಸರಿಟ್ಟು ಕರೆದದ್ದು ಅಲ್ಲಿನ ಜಾಣತನ. ಇನ್ನೊಂದು ಜಾಣತನವೂ ಇದೆ. ವಾರ್ಡಿನ ಮೇಲಿನ ಸ್ಥಳೀಯ ಸರ್ಕಾರಗಳಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಬಂದವರಲ್ಲಿ ಬಹುಪಾಲು ಹೆಂಗಸರು, ಸಂವಿಧಾನವೇ ಅವರನ್ನು ಸ್ಥಳೀಯ ನ್ಯಾಯ ಸಮಿತಿಯ ಮುಖ್ಯಸ್ಥರನ್ನಾಗಿ ಮಾಡಿದೆ. ಬೆಳೆ ಹಾಳಾದದ್ದು, ಕೂಲಿ ಬಾಕಿ, ಮನೆಯೊಳಗಿನ ಜಗಳ, ಹಿಂದೆ ಹಿರಿಯರ ಮುಂದೆ ಹೋಗುತ್ತಿದ್ದಂಥ ದೂರುಗಳು ಈಗ ಅವರ ಮುಂದೆ ಬರುತ್ತವೆ. ಸೀಟಿನ ಜೊತೆ ಇಂಥ ಒಂದು ಸ್ವಂತ ಕೆಲಸ ಇದ್ದರೆ ಆ ವ್ಯಕ್ತಿಯನ್ನು ದಾಟಿ ಹೋಗುವುದು ಕಷ್ಟ. ಆದರೆ ಇಲ್ಲೂ ತೂತು ಹುಡುಕಿದರು. ಒಂದು ಪಕ್ಷ ಅಧ್ಯಕ್ಷ, ಉಪಾಧ್ಯಕ್ಷ ಎರಡೂ ಸ್ಥಾನಕ್ಕೆ ಅಭ್ಯರ್ಥಿ ಹಾಕಿದರೆ ಒಬ್ಬರು ಮಹಿಳೆ ಇರಬೇಕು ಅನ್ನುವುದು ನಿಯಮ. 2022ರಲ್ಲಿ ಪಕ್ಷಗಳು ಮೈತ್ರಿ ಮಾಡಿಕೊಂಡು ಒಂದೊಂದೇ ಸ್ಥಾನ ಹಂಚಿಕೊಂಡವು, ಎರಡೂ ಕಡೆ ಗಂಡಸರನ್ನು ನಿಲ್ಲಿಸಿದ ಉದಾಹರಣೆಗಳು ಬಂದವು, ಉಪಾಧ್ಯಕ್ಷೆಯರ ಸಂಖ್ಯೆ ಇಳಿಯಿತು. ನಿಯಮ ಬರೆಯುವಾಗಲೇ ಇದನ್ನು ತಪ್ಪಿಸಿಕೊಳ್ಳಬೇಕೆನ್ನುವವನು ಎಲ್ಲಿಂದ ನುಸುಳುತ್ತಾನೆ ಅಂತ ಯೋಚಿಸಬೇಕು.

ಎಷ್ಟು ಜನ ಇದ್ದರೆ ದನಿ ಬರುತ್ತದೆ? ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ನೋಡಿ ಹೇಳಿದ್ದು, ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರು ಕಾಲು ಭಾಗದಿಂದ ಮೂರನೇ ಒಂದು ಭಾಗ ಆದಾಗ ಹಾಜರಿ, ಮಾತು ಎರಡೂ ಗಮನಾರ್ಹವಾಗಿ ಹೆಚ್ಚುತ್ತವೆ ಅಂತ. ಒಬ್ಬರನ್ನೇ ಕೂರಿಸಿದರೆ ಅವರು ಮಾತಾಡುವುದಿಲ್ಲ, ಆಮೇಲೆ "ಅವರಿಗೆ ಆಸಕ್ತಿ ಇಲ್ಲ" ಅಂತ ಅವರ ಮೇಲೇ ಹಾಕುತ್ತಾರೆ.

ಇನ್ನು "ಬರ್ತಾರೆ, ಕೂರ್ತಾರೆ, ಸಹಿ ಹಾಕ್ತಾರೆ" ಅಂದಿರಲ್ಲ, ಅದನ್ನು ಹತ್ತಿರದಿಂದ ನೋಡೋಣ. ಇಂಥ ಸಭೆಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದು. ಹಿಂದಿನ ಸಂಜೆ ಯಾರದೋ ಮನೆಯಲ್ಲಿ ನಾಲ್ಕು ಜನ ಸೇರಿ ಎಲ್ಲ ಮಾತಾಡಿಕೊಂಡಿರುತ್ತಾರೆ. ಬೆಳಿಗ್ಗೆ ಸಭೆ ಅಂತ ಹೇಳಿಕಳಿಸಿದ್ದು ಆ ಬೆಳಿಗ್ಗೆಯೇ. ಮುಂದಿನ ಸಾಲಿನಲ್ಲಿ ಕುರ್ಚಿ, ಹಿಂದೆ ಗೋಡೆ ಪಕ್ಕ ಚಾಪೆ. ಕಾರ್ಯದರ್ಶಿ ವಿಷಯಗಳನ್ನು ಗಡಗಡ ಓದುತ್ತಾರೆ, "ತಕರಾರು ಏನಾದ್ರೂ ಇದೆಯಾ" ಅಂತ ಕೇಳುವಾಗ ಕಣ್ಣು ಮುಂದಿನ ಸಾಲಿನ ಮೇಲೇ. ಯಾವ ವಿಷಯಕ್ಕಾಗಿ ಹಿಂದಿನವರು ಕೆಲಸ ಬಿಟ್ಟು ಬಂದಿರುತ್ತಾರೋ ಅದು ಪಟ್ಟಿಯ ಕೊನೆಯಲ್ಲಿರುತ್ತದೆ, ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ. ಹಾಜರಿ ಹಾಳೆಗೆ ಸಹಿ, ಹೆಬ್ಬೆಟ್ಟು ಮೊದಲೇ ಆಗಿರುತ್ತದೆ. ಠರಾವು ಆಮೇಲೆ ಬರೆಯುತ್ತಾರೆ.

ಇಲ್ಲಿ ಯಾವ ಕಾನೂನೂ ಮುರಿದ ಹಾಗೆ ಮೇಲ್ನೋಟಕ್ಕೆ ಕಾಣುವುದಿಲ್ಲ. ಆದರೆ ಒಂದೊಂದನ್ನೂ ಸರಿಮಾಡಬಹುದು, ಅದಕ್ಕೆ ದೊಡ್ಡ ಹಣವೂ ಬೇಡ. ವಿಷಯ ಪಟ್ಟಿ ವಾರ ಮುಂಚೆ, ಓದು ಬಾರದವರಿಗೆ ಬಾಯಲ್ಲೇ ತಿಳಿಸಿ. ಹೆಂಗಸರು ಮತ್ತು ಹೊರಗುಳಿದವರು ತಮ್ಮ ತಮ್ಮಲ್ಲೇ ಮೊದಲು ಸೇರಲಿ, ಮಹಾರಾಷ್ಟ್ರದಲ್ಲಿ ಊರ ಸಭೆಗೆ ಮುಂಚೆ ಮಹಿಳಾ ಸಭೆ ಆಗಬೇಕು ಅಂತ ಕಾನೂನೇ ಇದೆ. ಅಲ್ಲಿ ಆದ ಬೇಡಿಕೆ ದೊಡ್ಡ ಸಭೆಯಲ್ಲಿ ಮೊದಲ ವಿಷಯವಾಗಲಿ. ಮಾತು ಹಿಂದಿನ ಸಾಲಿನಿಂದ ಶುರುವಾಗಲಿ, ದೊಡ್ಡವರು ಕೊನೆಗೆ ಮಾತಾಡಲಿ. ಇದೊಂದು ಬದಲಾವಣೆ ಮಾಡಿದರೇ ಸಭೆಯ ಗತಿ ಬದಲಾಗುತ್ತದೆ, ಯಾಕೆಂದರೆ ದೊಡ್ಡವರು ಒಮ್ಮೆ ಬಾಯಿಬಿಟ್ಟ ಮೇಲೆ ಅವರ ವಿರುದ್ಧ ಹೇಳುವುದು ಯಾರಿಗೂ ಆಗುವುದಿಲ್ಲ. ಠರಾವು ಬರೆದು, ಜೋರಾಗಿ ಓದಿ, ಆಮೇಲೆ ಸಹಿ.

ಹಿರಿಯರ ಸಭೆಗೆ ಬರಲು ಅರ್ಹತೆ ಹೇಗೆ ಸಿಗುತ್ತದೆ ಅನ್ನುವುದನ್ನೂ ಹುಡುಕಿ. ಮೆಕ್ಸಿಕೋದ ಒವಾಹಾಕಾದಲ್ಲಿ ನಾನೂರಕ್ಕೂ ಹೆಚ್ಚು ಪುರಸಭೆಗಳು ಪಕ್ಷಗಳಿಲ್ಲದೆ, ತಮ್ಮ ಪದ್ಧತಿಯಂತೆ ಮುಖಂಡರನ್ನು ಆರಿಸುತ್ತವೆ. 1995ರಿಂದ ಕಾನೂನೂ ಇದನ್ನು ಮಾನ್ಯ ಮಾಡಿದೆ. ಅಲ್ಲಿ ಸಂಬಳವಿಲ್ಲದ ಊರ ಸೇವೆ ಮಾಡಿ ಮಾಡಿ, ಚಿಕ್ಕ ಹುದ್ದೆಯಿಂದ ಮೆಟ್ಟಿಲು ಹತ್ತಿ ಮೇಲೆ ಬರಬೇಕು. ಕೇಳಲು ಎಷ್ಟು ಚೆನ್ನಾಗಿದೆ, ದುಡಿದವನಿಗೆ ಮಾತು. ಆದರೆ ಎಷ್ಟೋ ಊರುಗಳಲ್ಲಿ ಆ ಸೇವೆ ಮನೆಯ ಗಂಡಸಿನ ಹೆಸರಿನಲ್ಲಿ ಲೆಕ್ಕಕ್ಕೆ ಬರುತ್ತದೆ, ಹೆಂಗಸು ಜೀವಮಾನವಿಡೀ ಊರಿಗಾಗಿ ದುಡಿದರೂ ಮೊದಲ ಮೆಟ್ಟಿಲೇ ಹತ್ತಿರುವುದಿಲ್ಲ. 2007ರಲ್ಲಿ ಸಾಂತಾ ಮರಿಯಾ ಕಿಯೆಗೊಲಾನಿಯಲ್ಲಿ ಎಉಫ್ರೋಸಿನಾ ಕ್ರುಸ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಹೆಣ್ಣು ಅನ್ನುವ ಕಾರಣಕ್ಕೆ ಅವರಿಗೆ ಬಿದ್ದ ಮತಗಳನ್ನೇ ರದ್ದು ಮಾಡಿದರು. ಅವರು ಪದ್ಧತಿಯನ್ನು ಬಿಸಾಕಿ ಅನ್ನಲಿಲ್ಲ, ಅದರೊಳಗೆ ನಮಗೂ ಜಾಗ ಕೊಡಿ ಅಂದರು. ರಾಜ್ಯದ ಸಂವಿಧಾನ ತಿದ್ದುಪಡಿಯಾಯಿತು, ಮುಂದೆ ಅವರು ರಾಜ್ಯದ ಶಾಸನಸಭೆಗೇ ಅಧ್ಯಕ್ಷರಾದರು. ನಿಮ್ಮ ಕಡೆಯೂ ಅರ್ಹತೆಯ ಲೆಕ್ಕ ಹೇಗಿದೆ ಅಂತ ಹಿರಿಯರನ್ನೇ ಕೇಳಿ. "ಸೇವೆ ಮಾಡಿದವರಿಗೆ ಮಾತು" ಅಂದರೆ, ಹೆಂಗಸರು, ಕೂಲಿಯವರು ಮಾಡಿದ ಸೇವೆಯನ್ನೂ ಆ ಲೆಕ್ಕಕ್ಕೆ ಸೇರಿಸಿ ಅಂತ ಅವರ ಮಾತಿನಿಂದಲೇ ಹಿಡಿಯಬಹುದು.

ಇದು ಬೇಗ ಆಗುವ ಕೆಲಸ ಅಂತ ನಾನು ಹೇಳುವುದಿಲ್ಲ. ನಾಗಾಲ್ಯಾಂಡ್‌ನಲ್ಲಿ ಪುರಸಭೆಗಳಲ್ಲಿ ಹೆಂಗಸರಿಗೆ ಶೇ. 33 ಅಂತ 2006ರಲ್ಲೇ ಕಾನೂನು ಬಂತು. ಇದು ನಮ್ಮ ಪದ್ಧತಿಗೆ, ಅದನ್ನು ಕಾಪಾಡುವ ಸಂವಿಧಾನದ 371ಎ ವಿಧಿಗೆ ವಿರುದ್ಧ ಅಂತ ಬುಡಕಟ್ಟು ಸಂಘಟನೆಗಳು ಹಟ ಹಿಡಿದವು. 2017ರ ಗಲಾಟೆಯಲ್ಲಿ ಜೀವಗಳು ಹೋದವು, ಕೊಹಿಮಾದಲ್ಲಿ ಸರ್ಕಾರಿ ಕಚೇರಿಗಳು ಸುಟ್ಟುಹೋದವು. ಕೊನೆಗೆ ಆ ಸಂಘಟನೆಗಳ ಜೊತೆ ಕೂತು ಮಾತಾಡಿ, ಅಧ್ಯಕ್ಷ ಸ್ಥಾನದ ಮೀಸಲು ಕೈಬಿಟ್ಟು, ಸೀಟುಗಳ ಮೀಸಲು ಉಳಿಸಿಕೊಂಡು 2023ರಲ್ಲಿ ಹೊಸ ಕಾನೂನು ಮಾಡಿದರು. 2024ರ ಜೂನ್‌ನಲ್ಲಿ ಮತದಾನ ನಡೆಯಿತು, ಇಪ್ಪತ್ತು ವರ್ಷದ ಮೇಲೆ. ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟದ್ದು ನನಗೆ ನೋವಿನ ವಿಷಯ. ಆದರೂ ನೂರಕ್ಕೂ ಹೆಚ್ಚು ಹೆಂಗಸರು ಒಳಗೆ ಬಂದರು. ಮುಂದಿನ ವಾದ ಈಗ ಹೊರಗೆ ನಿಂತು ಮಾಡಬೇಕಿಲ್ಲ.

ಹಿರಿಯರ ಜೊತೆ ಮಾತಾಡುವಾಗ ಒಂದು ಎಚ್ಚರ. ಗುಂಪುಗಳಿಗೆ ಪಾಲು ಹಂಚುವ ಸೂತ್ರವನ್ನು ಕಾಯಂ ಮಾಡಿಬಿಡಬೇಡಿ. ಸೊಮಾಲಿಯಾದಲ್ಲಿ 2000ದಿಂದ ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು, ಉಳಿದ ಎಲ್ಲ ಅಲ್ಪಸಂಖ್ಯಾತರಿಗೂ ಸೇರಿ ಅರ್ಧ ಪಾಲು, ಒಟ್ಟು ನಾಲ್ಕೂವರೆ ಅನ್ನುವ ಲೆಕ್ಕ. ಯುದ್ಧ ನಿಲ್ಲಿಸಲು ಆಗಿನ ಮಟ್ಟಿಗೆ ಅದು ಬೇಕಾಗಿತ್ತೇನೋ. ಆದರೆ ಒಂದು ಮಗು ಹುಟ್ಟುವಾಗಲೇ ನೀನು ಅರ್ಧ ಅಂತ ಬರೆದಿಟ್ಟ ಹಾಗಾಯಿತಲ್ಲವಾ? ಅದಕ್ಕಿಂತ ಉಗಾಂಡಾ ಮಾಡಿದ್ದು ನನಗೆ ಹೆಚ್ಚು ಇಷ್ಟ. ಅಲ್ಲಿನ 1997ರ ಸ್ಥಳೀಯ ಸರ್ಕಾರಗಳ ಕಾನೂನಿನಲ್ಲಿ ಹೆಂಗಸರ ಮೂರನೇ ಒಂದು ಭಾಗದ ಜೊತೆಗೆ ಯುವಕರಿಗೂ, ಅಂಗವಿಕಲರಿಗೂ ಸೀಟುಗಳಿವೆ, ಆ ಸೀಟುಗಳಲ್ಲೂ ಹೆಣ್ಣು ಗಂಡು ಇಬ್ಬರೂ ಇರಬೇಕು. ನಿಮ್ಮ ಪ್ರಶ್ನೆಯಲ್ಲಿ ಅಂಗವಿಕಲರ, ಬೇರೆ ಕಡೆಯಿಂದ ಬಂದು ನೆಲೆಸಿದವರ ಮಾತೇ ಇರಲಿಲ್ಲ. ಇದು ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ, ಬಹಳ ಜನ ಇವರನ್ನು ಮರೆಯುತ್ತಾರೆ. ಸಭೆಯ ಜಾಗಕ್ಕೆ ಮೆಟ್ಟಿಲಿದೆಯಾ, ಮಾತು ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲಿ ನಡೆಯುತ್ತದಾ ಅಂತ ನೋಡಿ.

ಕೊನೆಯ ಪ್ರಶ್ನೆ, ಪದ್ಧತಿಯನ್ನು ಬರೆದಿಡುವುದು. ಅವಸರ ಮಾಡಬೇಡಿ. ಬ್ರಿಟಿಷರು ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಸ್ಥಳೀಯರ ಪದ್ಧತಿಯನ್ನು ಸಂಹಿತೆ ಮಾಡಿ 1891ರಲ್ಲಿ ಕಾನೂನಾಗಿ ಜಾರಿಗೆ ತಂದರು. ಅದರ ಪ್ರಕಾರ ಹೆಂಗಸು ಎಷ್ಟೇ ವಯಸ್ಸಾದರೂ ಅಪ್ರಾಪ್ತಳು, ಯಾರಾದರೊಬ್ಬ ಗಂಡಸಿನ ಅಧೀನದಲ್ಲೇ ಇರಬೇಕು. ಬರೆಯದಿದ್ದಾಗ ಮಾತಾಡಿ, ಹೊಂದಿಸಿಕೊಂಡು ಸಡಿಲಿಸಬಹುದಾಗಿದ್ದದ್ದು ಬರೆದ ಮೇಲೆ ಬಿಗಿಯಾಯಿತು, ಹತ್ತಾರು ವರ್ಷ ಹೆಂಗಸರು ಅದರ ಕೆಳಗೆ ನರಳಿದರು. ಬರೆಯಬಾರದು ಅಂತಲ್ಲ. 1993ರಲ್ಲಿ ನಮೀಬಿಯಾದ ಉತ್ತರ ಭಾಗದ ಒವಾಂಬೊ ಸಮುದಾಯಗಳ ಮುಖಂಡರು ಕೂತು, ಗಂಡ ಸತ್ತ ಮೇಲೆ ವಿಧವೆಯನ್ನು ಜಮೀನಿನಿಂದ ಓಡಿಸಬಾರದು, ಅಲ್ಲೇ ಇರುವುದಕ್ಕೆ ಅವಳಿಂದ ಹಣ ಕೇಳಬಾರದು ಅಂತ ನಿರ್ಧರಿಸಿದರು, ಅದು ಅವರ ಬರಹದ ಪದ್ಧತಿಯಲ್ಲಿ ಸೇರಿತು. ನಟಾಲ್‌ನಲ್ಲಿ ಹೊರಗಿನ ಅಧಿಕಾರಿಗಳು ತಮಗೆ ಬೇಕಾದಂತೆ ಬರೆದರು, ನಮೀಬಿಯಾದಲ್ಲಿ ಸಮುದಾಯದ ಮುಖಂಡರೇ ಒಂದು ಅನ್ಯಾಯವನ್ನು ಗುರುತಿಸಿ ತಿದ್ದಿಕೊಂಡರು. ನೀವು ಬರೆಯಲೇಬೇಕು ಅಂದರೆ ಇಡೀ ಪದ್ಧತಿಯನ್ನು ಹಿಡಿಯಲು ಹೋಗಬೇಡಿ. ತೊಂದರೆ ಕೊಡುತ್ತಿರುವ ಒಂದು ವಿಷಯ ತೆಗೆದುಕೊಳ್ಳಿ, ಹೆಂಗಸರ ಜೊತೆ ಬೇರೆ, ಭೂಮಿ ಇಲ್ಲದವರ ಜೊತೆ ಬೇರೆ, ಹಿರಿಯರ ಜೊತೆ ಬೇರೆ ಕೂತು ಕೇಳಿ. ಮೂರು ಕಡೆ ಮೂರು ಉತ್ತರ ಬಂದರೆ ಮೂರನ್ನೂ ಬರೆದು ದೊಡ್ಡ ಸಭೆಯಲ್ಲಿ ಓದಿಸಿ. ಅಲ್ಲಿ ಒಪ್ಪಿದ್ದರ ಕೆಳಗೆ ಯಾರು ಯಾರು ಇದ್ದರು, ಮತ್ತೆ ಯಾವ ವರ್ಷ ಇದನ್ನು ಚರ್ಚೆಗೆ ತೆಗೆದುಕೊಳ್ಳುತ್ತೀರಿ ಅನ್ನುವುದನ್ನೂ ಸೇರಿಸಿ. ಒಂದು ಪ್ರತಿ ಹಿರಿಯರ ಹತ್ತಿರ ಇರಲಿ, ಇನ್ನೊಂದು ಹಿಂದಿನ ಸಾಲಿನಲ್ಲಿ ಕೂತವರ ಕೈಯಲ್ಲಿರಲಿ.